ಹಿಂಬಲಗಾಲಿನ ಹೊರಗೊರಸು

ಮೇ ೪, ಬೆಳಿಗ್ಗೆ ಏಳು

...ಅದೂ ಅಲ್ಲದೆ, ಎರಡೂವರೆ ಅನ್ನುವುದಕ್ಕೆ ಅವಳ ಹತ್ತಿರ ಆಧಾರವೇನು? ನಿನ್ನೆ ಗೇಟಿನ ಹತ್ತಿರ ಅಷ್ಟು ಹೊತ್ತು ವಾದಿಸಿದಾಗ ಈ ಮಾತು ಬಾಯಿಗೆ ಬರಲಿಲ್ಲ. ಈಗ ಒಬ್ಬನೇ ಕಾಫಿ ಕುಡಿಯುವಾಗ ಸರಾಗವಾಗಿ ಬರುತ್ತಿದೆ. ಐದಕ್ಕೆ ಮೂರು—ನನ್ನ ಹೋರಿ ಡೀಕನ್‌ನ ಮೈಗೆ ನಾನು ಕೊಟ್ಟ ಅಂಕ. ವಾಂಡಾ ಕುಜಿಕ್ ಕೊಟ್ಟದ್ದು ಎರಡೂವರೆ. ಒಂದು ಅಂದರೆ ಎಲುಬಿನ ಹಂದರ, ಐದು ಅಂದರೆ ಎಣ್ಣೆ ಪೀಪಾಯಿ. ಗೋಮಾಳಕ್ಕೆ ಬಿಡುವ ಬೀಜದ ಹೋರಿ ಮೂರಾದರೂ ಇರಬೇಕು. ಎರಡು ತಿಂಗಳು ಹಸುಗಳ ಹಿಂದೆ ಅಲೆದು ನೂರು ಕಿಲೋ ಕರಗಿಸಿಕೊಂಡು ಬರುವ ಪ್ರಾಣಿ. ಕರಗಿಸಲಿಕ್ಕೆ ಮೊದಲು ಇರಬೇಕಲ್ಲ.

"ನೀವು ನೋಡಿದ್ದು ಕೂದಲನ್ನ, ಯಜಮಾನ್ರೇ. ಕಂಬಳಿ ಹೊದ್ದವ್ರೆಲ್ಲ ದಪ್ಪಗೇ ಕಾಣ್ತಾರೆ. ಕೈ ಇಟ್ಟು ನೋಡಿ, ಕೈ!"

ಇಪ್ಪತ್ತೆರಡು ವರ್ಷ ಈ ಗೋಮಾಳದ ಹೋರಿಗಳನ್ನು ಪರೀಕ್ಷೆ ಮಾಡಿದವನಿಗೆ ಹೇಳುವ ಮಾತು. ಅವಳು ಬಂದದ್ದು ಹೋದ ಆಗಸ್ಟ್‌ನಲ್ಲಿ. ಹದಿನಾಲ್ಕು ಮನೆಯವರು ಸೇರಿ, ಕುದುರೆ ಮೇಲೆ ಸುತ್ತಿ ದನ ನೋಡಿಕೊಳ್ಳಲು ಇಟ್ಟುಕೊಂಡವಳು. ಪರೀಕ್ಷಕನ ಸ್ವಂತ ಹೋರಿಯನ್ನು ಬೇರೆಯವರು ನೋಡಬೇಕು, ಇದು ಮೊದಲಿಂದ ಇರುವ ಕಟ್ಟಳೆ. ಇಷ್ಟು ವರ್ಷ ನೆರೆಯವ ಡೆಲ್ಬರ್ಟ್ ಫೇರ್ ನೋಡುತ್ತಿದ್ದ. ಬೇಲಿಯ ಆಚೆಯಿಂದಲೇ "ಹೋರಿ ಇದೆ" ಎಂದು ಸಹಿ ಹಾಕುತ್ತಿದ್ದ. ಈ ವರ್ಷ ಮೀಟಿಂಗ್‌ನಲ್ಲಿ ಎಲ್ಲರೂ ವಾಂಡಾಗೆ ಕೈ ಎತ್ತಿದರು. ಡೆಲ್ಬರ್ಟ್ ಕೂಡ.

ಹೋಗುವಾಗ ಇನ್ನೊಂದು ಮಾತು ಎಸೆದು ಹೋದಳು. "ಮೊಣಕಾಲ್ತನಕ ಹುಲ್ಲು ಹಾಸಿ ನಿಲ್ಸಿದೀರ, ಫೋಟೋಗೆ ನಿಲ್ಸಿದ ಹಾಗೆ. ಇಪ್ಪತ್ತೊಂಬತ್ತನೇ ತಾರೀಕು ಎಲ್ಲ ಹೋರಿಗಳ ಪರೀಕ್ಷೆ ದಿನ ಗಟ್ಟಿ ನೆಲದ ಮೇಲೆ ನಡೆಸ್ತೀನಿ. ನಡೀದೇ ಇರೋ ಹೋರಿಗೆ ನಾನು ಅಂಕ ಹಾಕಲ್ಲ."

ಮೇ ೪, ಮಧ್ಯಾಹ್ನ

ಕೈ ಇಟ್ಟೆ. ಬೆರಳು ಕೂದಲಿನೊಳಗೆ ಎರಡು ಅಂಗುಲ ಹೋಯಿತು, ಆಮೇಲೆ ಪಕ್ಕೆಲುಬು. ಒತ್ತದೆಯೇ ಸಿಕ್ಕಿತು. ಬೆನ್ನಿನ ಗೆಣ್ಣು, ಬಾಲದ ಬುಡ... ಅಲ್ಲಿ ಇರಬೇಕಾದ ಮೆತ್ತನೆಯದು ಇಲ್ಲ. ಎರಡೂಮುಕ್ಕಾಲು. ಇದನ್ನು ಯಾರಿಗೂ ಹೇಳುವುದಿಲ್ಲ. ಇವತ್ತಿನಿಂದ ಬಾರ್ಲಿ ಜಾಸ್ತಿ.

ಮೇ ೯

ಮತ್ತೆ ಹಿಮ. ಮೇ ತಿಂಗಳಲ್ಲಿ! ಬಿದ್ದದ್ದು ಹತ್ತು ಗಂಟೆಗೆ ಕರಗಿ ಅಂಟು ಕೆಸರಾಯಿತು. ಬೂಟು ಎತ್ತಿದರೆ ಅರ್ಧ ಸಸ್ಕ್ಯಾಚವಾನ್ ಪ್ರಾಂತ್ಯವೇ ಜೊತೆಗೆ ಬರುತ್ತದೆ. ಡೀಕನ್‌ನನ್ನು ಹೊರಗೆ ಬಿಡಲಿಲ್ಲ.

ಕೆಲಸವಿಲ್ಲದೆ ಕೂತರೆ ತಲೆ ಎಲ್ಲಿಗೋ ಹೋಗುತ್ತದೆ. ಕಾಲೇಜಿನಲ್ಲಿ ಒಂದು ವರ್ಷ ಇಂಗ್ಲಿಷ್ ಕಡ್ಡಾಯ ಇತ್ತು. ಬೋ ಟೈ ಕಟ್ಟುತ್ತಿದ್ದ ಒಬ್ಬ ಸಣಕಲು ಮೇಷ್ಟ್ರು. 'ಟ್ರ್ಯಾಜಿಕ್ ಫ್ಲಾ' ಅಂತ ಬೋರ್ಡಿನ ಮೇಲೆ ಬರೆದಿದ್ದರು. ದೊಡ್ಡ ಮನುಷ್ಯನಲ್ಲಿ ಒಂದೇ ಒಂದು ದೋಷ ಇರುತ್ತದೆ, ನೋಡುವವರಿಗೆಲ್ಲ ಕಾಣುತ್ತದೆ, ಅವನಿಗೊಬ್ಬನಿಗೆ ಕಾಣುವುದಿಲ್ಲ... ಅಥವಾ ಅವನಿಗೇ ಮೊದಲು ಕಾಣುತ್ತದೋ? ನೆನಪಿಲ್ಲ. ಪರೀಕ್ಷೆಯಲ್ಲಿ ಹೋರಿಯ ಉದಾಹರಣೆ ಕೊಟ್ಟಿದ್ದೆ. ಸಿ ಗ್ರೇಡ್ ಬಂತು. ಹೆಂಡತಿ ಮೇವಿಸ್‌ಗೆ ಇದನ್ನು ಹೇಳಿದಾಗಲೆಲ್ಲ ಹೊಸದಾಗಿ ನಗುತ್ತಿದ್ದಳು. ಎರಡು ಚಳಿಗಾಲ ಕಳೆದವು ಅವಳು ಹೋಗಿ. ಈ ಮನೆಯಲ್ಲಿ ಹಳೇ ಜೋಕಿಗೆ ನಗುವವರು ಯಾರೂ ಇಲ್ಲ.

ಮೇ ೧೨, ಸಂಜೆ ನಾಲ್ಕು

ನೆಲ ಒಣಗಿತು. ಟ್ರ್ಯಾಕ್ಟರ್ ಶೆಡ್ಡಿನ ಮುಂದಿನ ಕಾಂಕ್ರೀಟ್ ಮೇಲೆ ಡೀಕನ್‌ನನ್ನು ನಡೆಸಿದೆ. ಮುಂದಿನಿಂದ ನೋಡಿದರೆ ರಾಜ. ತಲೆ, ಭುಜ, ಎದೆ—ಎಲ್ಲ ಇದ್ದಲ್ಲಿ ಇವೆ. ನಾನು ಯಾವಾಗಲೂ ಅಲ್ಲೇ ನಿಲ್ಲುತ್ತೇನೆ. ಇವತ್ತು ವಾಂಡಾಳ ಮೇಲಿನ ಹಠಕ್ಕೆ ಹಿಂದೆ ಹೋಗಿ ನಿಂತೆ.

ಮೂರು ಕಾಲು ಧಪ್ ಧಪ್ ಎಂದು ಬಿದ್ದವು. ನಾಲ್ಕನೆಯದು ಕೆರೆಯಿತು. ಹಿಂಬಲಗಾಲಿನ ಹೊರಗೊರಸು ತಿರುಪಿನ ಮೊಳೆಯಂತೆ ಒಳಕ್ಕೆ ಸುತ್ತಿ, ಪಕ್ಕದ ಗೊರಸಿನ ಮೇಲೆ ಏರಿ ಕೂತಿದೆ. ಹೋರಿ ಊರುತ್ತಿರುವುದು ಅಂಗಾಲನ್ನಲ್ಲ, ಗೊರಸಿನ ಗೋಡೆಯನ್ನು. ಎಡಗಾಲಿನದೂ ಶುರುವಾಗಿದೆ.

ಬೆಳೆದಿದೆ ಅಷ್ಟೆ. ಮೆತ್ತಗಿನ ನೆಲ, ಸವೆದಿಲ್ಲ. ಅಷ್ಟೆ.

ಮೇವಿಸ್ ಪ್ರತಿ ಏಪ್ರಿಲ್‌ನಲ್ಲಿ ಇಕ್ಕಳ ಹಿಡಿದು ಇವನ ಗೊರಸು ಕತ್ತರಿಸುತ್ತಿದ್ದಳು. ನಾನಾಗ ಊರವರ ಹೋರಿಗಳ ಕಾಲು ನೋಡಲು ಹೋಗಿರುತ್ತಿದ್ದೆ. ಊಟಕ್ಕೆ ಕೂತಾಗ "ಮತ್ತೆ ಅದೇ ಕಾಲು ಕಣ್ರೀ" ಎನ್ನುತ್ತಿದ್ದಳು. ನಾನು "ಹ್ಞೂಂ, ಆಲೂಗಡ್ಡೆ ಇತ್ತ ಕೊಡು" ಎನ್ನುತ್ತಿದ್ದೆ. ಹೋದ ವರ್ಷ ಕತ್ತರಿಸುವವರು ಇರಲಿಲ್ಲ. ನನಗೆ ಹೊಳೆಯಲೇ ಇಲ್ಲ. ಎರಡು ವರ್ಷದ ಗೊರಸು ಇದು.

ಕರುವಾಗಿದ್ದಾಗ ಅವಳೇ ಆರಿಸಿದ್ದು ಇವನನ್ನು. ನಾನು ಬೇರೆಯದನ್ನು ಹೇಳಿದ್ದೆ. ಅವಳು ಗೆದ್ದಳು.

ಮೇ ೧೫

ಡೆಲ್ಬರ್ಟ್‌ನ ಮನೆಗೆ ಟ್ರೇಲರ್‌ನಲ್ಲಿ ಒಯ್ದೆ. ಅವನ ಹತ್ತಿರ ಹೋರಿಯನ್ನು ಪಕ್ಕಕ್ಕೆ ಮಲಗಿಸುವ ಮೇಜು ಇದೆ. ಪಟ್ಟಿ ಬಿಗಿದು, ಸನ್ನೆಗೋಲು ಒತ್ತಿ ಮಲಗಿಸಿದೆವು. ಡೀಕನ್ ಒಮ್ಮೆ ಬುಸುಗುಟ್ಟಿ ಸುಮ್ಮನಾದ. ನಾನು ಕತ್ತರಿಸಿದೆ, ಡೆಲ್ಬರ್ಟ್ ಅರ ಹಾಕಿ ಉಜ್ಜಿದ. ಎಬ್ಬಿಸಿ ನಡೆಸಿದರೆ—ನೇರ, ಚೊಕ್ಕ. ಕೆರೆಯುವ ಸದ್ದೇ ಇಲ್ಲ.

"ನೋಡೋ ಹಾಲ್ವರ್, ಮದುಮಗ ಆಗ್ಬಿಟ್ಟ! ಶೂ ಪಾಲಿಶ್ ಒಂದು ಬಾಕಿ."

"ಇದು ಹುಟ್ಟಿನ ದೋಷ ಇರಬಹುದೇನೋ ಅಂತ..."

"ಬೆಳೆದಿತ್ತು, ಕತ್ತರಿಸಿದ್ವಿ. ಉಗುರು ಬೆಳೆಸ್ಕೊಂಡೋರೆಲ್ಲ ಅಂಗವಿಕಲರಾ? ಇಪ್ಪತ್ತೊಂಬತ್ತಕ್ಕೆ ಅವಳು ಭೂತಗನ್ನಡಿ ಹಿಡಿದ್ರೂ ಏನೂ ಕಾಣಲ್ಲ. ಮನೆಗೆ ಹೋಗು ಮಾರಾಯ, ನಮ್ಮನೇವಳು ಬೇಯಿಸಿದ ರೂಬಾರ್ಬ್ ಪೈ ಇದೆ, ಕಟ್ಟಿಸ್ಕೊಂಡು ಹೋಗು."

ಪೈ ತೆಗೆದುಕೊಂಡೆ. ಹೊರಡುವಾಗ ಅವನ ಮಣಕಗಳು ತೊಟ್ಟಿಯ ಕಟ್ಟೆಯ ಮೇಲೆ ನೀರು ಕುಡಿಯುತ್ತಿದ್ದವು. ಅವುಗಳಲ್ಲಿ ನಾಲ್ಕು ಡೀಕನ್‌ನ ಮಕ್ಕಳು, ಬಿಳಿ ಮೂತಿಯ ಮೇಲಿನ ಕೆಂಪು ಮಚ್ಚೆ ನೋಡಿದರೆ ಗೊತ್ತಾಗುತ್ತದೆ. ಒಂದು ಮಣಕ ಹಿಂಗಾಲು ಎತ್ತಿ ಇಟ್ಟಿತು, ಗೊರಸು ಒಳಕ್ಕೆ ಸುತ್ತಿತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ಡೆಲ್ಬರ್ಟ್ ನೋಡಿದ. ಆಮೇಲೆ ಇಬ್ಬರೂ ಮೋಡ ನೋಡಿದೆವು. ಮಳೆ ಬರಬಹುದು ಎಂದ. ಬರಬಹುದು ಎಂದೆ.

ಮೇ ೧೬

ನಿದ್ದೆ ಸರಿ ಬರಲಿಲ್ಲ. ಬೆಳಿಗ್ಗೆಯೇ ವಾಪಸ್ ಹೋದೆ. ಪೈ ಪಾತ್ರೆ ಕೊಡುವ ನೆಪ. ಪಾತ್ರೆ ಇನ್ನೂ ಅರ್ಧ ತುಂಬಿತ್ತು.

ನೇರ ಕೇಳಿದೆ. "ಎಷ್ಟು ದಿನದಿಂದ ಗೊತ್ತು ನಿನಗೆ?"

ಡೆಲ್ಬರ್ಟ್ ಟೋಪಿ ತೆಗೆದು ಒಳಗಡೆ ನೋಡಿದ, ಅಲ್ಲೇನೋ ಬರೆದಿದ್ದ ಹಾಗೆ. "ಹೋದ ವರ್ಷದಿಂದ. ನಾಲ್ಕರಲ್ಲಿ ಮೂರಕ್ಕೆ ಇದೆ. ನಾನೇ ಕತ್ತರಿಸ್ತಾ ಇದೀನಿ."

"ಮತ್ತೆ ಬಾಯಿ ಬಿಡ್ಲಿಲ್ಲ ಯಾಕೆ?"

"ಏನಂತ ಬಿಡ್ಲಿ? ಮೇವಿಸ್ ಮಣ್ಣಾಗಿ ಆರು ತಿಂಗಳು. ಚರ್ಚಿಗೆ ಬರ್ತಿರ್ಲಿಲ್ಲ ನೀನು, ಫೋನ್ ಎತ್ತುತಿರ್ಲಿಲ್ಲ. ಆ ಹೋರಿ ಹತ್ರ ಮಾತ್ರ ನಿಂತು ಮಾತಾಡ್ತಿದ್ದೆ. ಅದರ ಕಾಲೂ ಸರಿ ಇಲ್ಲಪ್ಪ ಅಂತ ನಿನಗೆ ಹೇಳೋದಾ? ನಮ್ಮನೇವಳು ಹೇಳಿದ್ಲು, ನಿನಗೆ ಹೇಳಿದ್ರೆ ನನ್ನ ಊಟ ಕೊಟ್ಟಿಗೇಲಿ ಅಂತ."

ಸಿಟ್ಟು ಬಂತು. ಕರುಣೆ ತೋರಿಸಿದವನ ಮೇಲೆ ಸಿಟ್ಟು ಬಂದರೆ ಅದನ್ನು ಎಲ್ಲಿ ಇಡುವುದು? ಟ್ರಕ್ಕಿನ ಬಾಗಿಲನ್ನು ಜೋರಾಗಿ ಹಾಕಿದೆ. ಸೀಟ್‌ಬೆಲ್ಟ್ ಸಿಕ್ಕಿಕೊಂಡು ಬಾಗಿಲು ವಾಪಸ್ ಬಂತು.

ಮೇ ೨೪

ಎಂಟು ದಿನ ಬರೆದಿಲ್ಲ. ಬಾರ್ಲಿ ಹಾಕಿದೆ, ಬೇಲಿ ಬಿಗಿದೆ, ಸುಮ್ಮನಿದ್ದೆ. ಸುಮ್ಮನಿದ್ದರೆ ಇಪ್ಪತ್ತೊಂಬತ್ತು ತಾನಾಗಿ ಕಳೆಯುತ್ತದೆ. ಡೀಕನ್ ಗೋಮಾಳಕ್ಕೆ ಹೋಗುತ್ತಾನೆ, ಬರುವ ವರ್ಷ ನಾನೇ ಕತ್ತರಿಸುತ್ತೇನೆ. ಬಾಯಿ ಬಿಟ್ಟರೆ ಅವನು ಮಾಂಸದ ಲಾರಿ ಹತ್ತುತ್ತಾನೆ. ತಿರುಪಿನ ಗೊರಸು ರಕ್ತದಲ್ಲಿ ಇಳಿಯುವಂಥದ್ದು. ಅಂಥ ಹೋರಿಗೆ ಬೇರೆ ದಾರಿ ಇಲ್ಲ. ಅವನ ಮಣಕಗಳನ್ನು ಬೆಳೆಸಿಕೊಂಡ ಮನೆಗಳೋ... ಅದು ಇನ್ನೊಂದು ಮಾತು.

ಇವತ್ತು ವಾಂಡಾ ಗೋಮಾಳದ ಬೇಲಿಗೆಂದು ಬಂದಳು. ತಂತಿ ಎಳೆಯುತ್ತ ತಾನಾಗಿಯೇ ಶುರು ಮಾಡಿದಳು.

"ಹನ್ನೊಂದು ವರ್ಷದ ಹಿಂದೆ ನಮ್ಮಪ್ಪನ ಹೋರೀನ ನೀವು ವಾಪಸ್ ಕಳಿಸಿದ್ರಿ, ನೆನಪಿದೆಯಾ? ಹಿಂಗಾಲು ತಿರುಚಿದೆ ಅಂತ. ಎಲ್ಲರೆದುರಿಗೆ. ಒಂದು ತಿಂಗಳು ನಿಮ್ಮ ಹೆಸರೆತ್ತಿದ್ರೆ ಉಗೀತಿದ್ದ."

ಇದೋ ಕಾರಣ! "ಹಾಗಾದ್ರೆ ಸೇಡು ತೀರಿಸ್ಕೊಳ್ಳೋಕೆ ಬಂದಿದೀಯಾ?" ಎಂದೆ.

"ಅಯ್ಯೋ, ಇಲ್ಲಪ್ಪ! ಆ ಹೋರಿಗೆ ಹುಟ್ಟಿದ್ದ ಒಂದು ಹಸು ಆಮೇಲೆ ಕುಂಟಿ ಬಿತ್ತು. ಕರು ಹಾಕಿದ ಹಸು, ಎದ್ದು ಹುಲ್ಲಿಗೂ ಹೋಗೋಕಾಗ್ದೆ. ಅಪ್ಪನೇ ಬಂದೂಕು ತಗೊಂಡು ಹೋದ. ವಾಪಸ್ ಬಂದು ಹೇಳ್ದ, ಆ ಹಾಲ್ವರ್ ಟೊಲೆಫ್ಸನ್ ಮುದುಕ ಸರಿಯಾಗೇ ನೋಡಿದ್ದ, ಸಿಕ್ಕಿದ್ರೆ ಹೇಳು ಅಂತ. ನಾನೇ ಮರೆತಿದ್ದೆ. ಈಗ ಹೇಳಿದೀನಿ, ಆಯ್ತಾ? ಆ ಇಕ್ಕಳ ಕೊಡಿ."

ಇಕ್ಕಳ ಕೊಟ್ಟೆ. ಬೈದಿದ್ದರೆ ಎಷ್ಟು ಸುಲಭವಾಗುತ್ತಿತ್ತು.

ಮೇ ೨೯, ಮಧ್ಯಾಹ್ನ ಮೂರು

ಈಗಷ್ಟೇ ಮನೆಗೆ ಬಂದೆ, ಬೂಟು ಇನ್ನೂ ಬಿಚ್ಚಿಲ್ಲ.

ಗೋಮಾಳದ ದೊಡ್ಡಿಯ ಹತ್ತಿರ ಎಲ್ಲರೂ ಬಂದಿದ್ದರು. ಬೆಳಗಿನಿಂದ ಹನ್ನೆರಡು ಹೋರಿ ನಾನು ನೋಡಿದೆ. ಒಂದರ ಕಣ್ಣಲ್ಲಿ ಬಿಳಿ, ಇನ್ನೊಂದು ಕೊಬ್ಬಿ ಏದುಸಿರು ಬಿಡುತ್ತಿತ್ತು, ಅವೆರಡನ್ನು ತಿರುಗಿಸಿ ಕಳಿಸಿದೆ. ಯಾರೂ ಎದುರಾಡಲಿಲ್ಲ. ನನ್ನ ಮಾತಿಗೆ ಇನ್ನೂ ಬೆಲೆ ಇತ್ತು.

ಕೊನೆಗೆ ಡೀಕನ್. ವಾಂಡಾ ಕೈ ಇಟ್ಟಳು, ಪಕ್ಕೆ, ಬೆನ್ನು, ಬಾಲದ ಬುಡ. "ಮೂರು. ನೀವು ಗೆದ್ರಿ ಯಜಮಾನ್ರೇ, ಬಾರ್ಲಿ ಗೆಲ್ತು." ಎಲ್ಲರೂ ನಕ್ಕರು. ಗಟ್ಟಿ ಜಲ್ಲಿಯ ಮೇಲೆ ನಡೆಸಿದಳು, ಹಿಂದೆಯೇ ನಡೆದಳು, ತಿರುಗಿಸಿ ಇನ್ನೊಮ್ಮೆ ನಡೆಸಿದಳು. ಕುಕ್ಕರಗಾಲಲ್ಲಿ ಕೂತು ನೋಡಿದಳು. ಡೆಲ್ಬರ್ಟ್ ತನ್ನ ಬೂಟು ನೋಡುತ್ತಿದ್ದ.

"ಕೀಲು ಸರಿ. ಕಾಲೂ ಸರಿ." ಕಾರ್ಡಿನ ಮೇಲೆ ಪೆನ್ ಇಟ್ಟಳು.

"ಕತ್ತರಿಸಿದೀನಿ" ಎಂದೆ. ಯಾರ ದನಿಯೋ ಅನ್ನಿಸಿತು.

"ಎಲ್ರೂ ಕತ್ತರಿಸ್ತಾರೆ, ಅದಕ್ಕೇನಂತೆ?"

"ಎರಡು ವಾರ ಆಯ್ತು. ತಿರುಪಿನ ಗೊರಸು ಅದು. ಪ್ರತಿ ವರ್ಷ ಬರುತ್ತೆ, ಹೋದ ವರ್ಷ ಬಿಟ್ಟು ಪ್ರತಿ ವರ್ಷ ಕತ್ತರಿಸ್ತಾ ಬಂದಿದೀವಿ. ಅದಕ್ಕೇ ಯಾರಿಗೂ ಕಾಣ್ಲಿಲ್ಲ. ನನಗೂ. ಇದರ ಮಣಕಗಳಲ್ಲೂ ಇದೆ."

ಯಾರೋ ಕೆಮ್ಮಿದರು. ಐವಾ ಸೇದರ್, ಗುಡ್ಡದಾಚೆ ಒಬ್ಬಳೇ ದನ ಸಾಕುವವಳು, ನಿಧಾನವಾಗಿ ಹೇಳಿದಳು: "ನಮ್ಮಲ್ಲಿ ಒಂಬತ್ತಿವೆ, ಹಾಲ್ವರ್. ಈ ವರ್ಷ ಕರು ಹಾಕೋವು." ಅಷ್ಟೇ. ಬೈಗುಳ ಇಲ್ಲ. ಇಪ್ಪತ್ತೆರಡು ವರ್ಷ ನಾನು ಇವರಿಗೆ ಹೇಳುತ್ತ ಬಂದದ್ದು ಒಂದೇ: ಹೋರಿಯ ಮೈ ಒಂದು ವರ್ಷದ್ದು, ಕಾಲು ಹತ್ತು ವರ್ಷದ್ದು.

ಡೆಲ್ಬರ್ಟ್ ತಲೆ ಎತ್ತಿದ. "ನನಗೂ ಗೊತ್ತಿತ್ತು. ಬೈಯೋದಿದ್ರೆ ಅರ್ಧ ಈ ಕಡೆ ಕೊಡಿ."

ವಾಂಡಾ ಕಾರ್ಡಿಗೆ ಅಡ್ಡಗೆರೆ ಎಳೆದಳು. ಮೈ ಅಂಕ ಮಾತ್ರ ಹಾಗೇ ಬಿಟ್ಟಳು, ಮೂರು. "ಈ ಗೆರೆ ಎಳೆಯೋಕೆ ನನಗೇನೂ ಖುಷಿ ಇಲ್ಲ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು. ನನಗೂ ಹಗುರ ಅನ್ನಿಸಲಿಲ್ಲ. ನಿಜ ಹೇಳಿದರೆ ಹಗುರವಾಗುತ್ತದೆ ಎಂದು ಯಾರು ಹೇಳಿದರೋ, ಅವರ ಹತ್ತಿರ ಹೋರಿ ಇದ್ದಿರಲಿಕ್ಕಿಲ್ಲ.

ಗುರುವಾರ ಲಾರಿ ಬರುತ್ತದೆ.

ಮೇ ೩೧, ಸಂಜೆ

ಊರವರ ಮಣಕಗಳ ಲೆಕ್ಕವನ್ನೆಲ್ಲ ನಿನ್ನೆ ಫೋನಿನಲ್ಲಿ ಕೇಳಿ ತಿಳಿದುಕೊಂಡೆ. ಐವಾ ಒಂಬತ್ತರಲ್ಲಿ ಐದು ಅಂದಳು. ನನ್ನವು ಹನ್ನೊಂದಿವೆ. ನಾನು ನೋಡೇ ಇಲ್ಲ! ನನ್ನ ಹಟ್ಟಿಯ ಮುಂದಿನ ಹತ್ತು ವರ್ಷ ಅಂದರೆ ಈ ಹನ್ನೊಂದೇ. ಅವುಗಳ ಮೂತಿ ಗೊತ್ತು, ಸ್ವಭಾವ ಗೊತ್ತು. ಕಾಲು ಯಾವಾಗಲೂ ಹುಲ್ಲಿನಲ್ಲಿ.

ಅದಕ್ಕೇ ಇಲ್ಲಿ, ತೊಟ್ಟಿಯ ಕಾಂಕ್ರೀಟ್ ಕಟ್ಟೆಯ ಪಕ್ಕ ಬಕೆಟ್ ಬೋರಲು ಹಾಕಿ ಕೂತಿದ್ದೇನೆ. ಪುಸ್ತಕ ತೊಡೆಯ ಮೇಲೆ. ಸೊಳ್ಳೆಗಳಿಗೆ ಹಬ್ಬ. ನೀರಿಗೆ ಬರಲೇಬೇಕು, ಬಂದರೆ ಕಟ್ಟೆ ಹತ್ತಲೇಬೇಕು. ಓಡಿಸಿಕೊಂಡು ಬಂದರೆ ಹೆದರಿ ಕಾಲು ಸರಿಯಾಗಿ ಊರುವುದಿಲ್ಲ, ಕಾಯಬೇಕು.

ಮೊದಲು ಬಂದ ಎರಡೂ ನೇರ. ಎಷ್ಟು ಖುಷಿಯಾಯಿತೆಂದರೆ ಎದ್ದು ನಿಂತುಬಿಟ್ಟೆ, ಮೂರನೆಯದು ಬೆದರಿ ಓಡಿತು, ಮತ್ತೆ ಬರಲು ಅರ್ಧ ಗಂಟೆ. ಪೆದ್ದ ಮುದುಕ. ಮೂರನೆಯದು ತಿರುಚಿದೆ. ನಾಲ್ಕನೆಯದು ನೇರ ಅಂತ ಬರೆದು ಹೊಡೆದುಹಾಕಿದೆ, ತಿರುಗಿದಾಗ ಕಂಡಿತು. ಐದು, ಆರು ಒಟ್ಟಿಗೆ ಬಂದವು, ಒಂದು ಹಾಗೆ, ಒಂದು ಹೀಗೆ. ಏಳನೆಯದು ತಿರುಚಿದೆ.

ಎಂಟನೆಯವಳು ಕಟ್ಟೆಯ ಅಂಚಿನಲ್ಲಿ ನಿಂತಿದ್ದಾಳೆ. ಮಂದೆಯಲ್ಲೇ ಒಳ್ಳೆಯವಳು—ಅಗಲ ಸೊಂಟ, ನೇರ ಬೆನ್ನು, ಕೈ ಇಟ್ಟರೆ ಓಡುವುದಿಲ್ಲ. ಗೊರಸು ಹುಲ್ಲಿನೊಳಗಿದೆ. ಬಾಯಾರಿದೆ, ತೊಟ್ಟಿಯನ್ನೇ ನೋಡುತ್ತಿದ್ದಾಳೆ. ನಾನು ಇಲ್ಲಿ ಕೂತು, ಕಾಲು ನೋಡಲೆಂದೇ ಬಂದವನು, ಬರಬೇಡ ಬರಬೇಡ ಎಂದುಕೊಳ್ಳುತ್ತಿದ್ದೇನೆ.

ಬರೆಯುವ ಗೆರೆ ಕಾಣಿಸುತ್ತಿಲ್ಲ. ಯಾವಾಗ ಇಷ್ಟು ಕತ್ತಲಾಯಿತು? ಗುಡ್ಡದ ಮೇಲೆ ಒಂದು ಎಳೆ ಬೆಳಕು ಉಳಿದಿದೆ. ಇನ್ನು ನಾಳೆಯೇ... ಅಲ್ಲ, ಮುಂಗಾಲು ಇಟ್ಟಳು. ಹಿಂದಿನದು...