ಗಾಯ ತೊಳೆಯದ ಮೂರು ದಿನ

ಬೆಳಗಾವಿ,
೧೨ ಮಾರ್ಚ್ ೧೯೮೩

ಅವ್ವಾ,

ನಿನ್ನ ಚಂದ್ರಿಯ ಶರಣಾರ್ಥಿ. ಈ ಪತ್ರವನ್ನು ಯಾರ ಕೈಗೂ ಕೊಟ್ಟು ಓದಿಸಬೇಡ. ಅಕ್ಷರ ಕೂಡಿಸಿ ಓದಲು ಎರಡು ದಿನ ಹಿಡಿದರೂ ಸರಿ, ಮೊದಲು ನೀನೇ ಓದು.

ನಿನ್ನೆ ನಿಮ್ಮ ಪಕ್ಕದ ಮನೆಯ ಭರಮವ್ವ ಕಣ್ಣು ತೋರಿಸಲು ಖಾನಾಪುರದಿಂದ ನಮ್ಮ ಆಸ್ಪತ್ರೆಗೆ ಬಂದಿದ್ದಳು. ತಂಗಿ ಸಾವಂತ್ರಿಗೆ ಮಣ್ಣು ಕೊಟ್ಟಾಗಿನಿಂದ ನೀನು ಸರಿಯಾಗಿ ಒಂದು ತುತ್ತು ತಿಂದಿಲ್ಲವಂತೆ. ಮಗಳನ್ನು ನಾನೇ ಕೊಂದೆ ಎಂದು ಬಂದವರ ಮುಂದೆಲ್ಲ ಹೇಳುತ್ತೀಯಂತೆ. ಎರಡು ಓಣಿ ಆಚೆಗಿರುವ ಅಳಿಯ ಬಸಲಿಂಗಪ್ಪನವರು, ಸಾವಂತ್ರಿಯ ಮೂರು ವರ್ಷದ ಕೂಸನ್ನು ನಿನ್ನ ಕಣ್ಣಿಗೂ ಬೀಳಗೊಡುವುದಿಲ್ಲವಂತೆ. “ಶಾಯಿ ಹಚ್ಚಿ ಕೊಂದಾಕಿ ಕೈಯಾಗ ನನ್ನ ಮಗಳನ್ನ ಕೊಡಂಗಿಲ್ಲ” ಅಂದರಂತೆ. ಅದಕ್ಕೇ ಈ ಪತ್ರ ಬರೆಯಲು ಕೂತೆ.

ನಿನ್ನನ್ನು ಬೈಯುವುದರಲ್ಲಿ ನಾನು ಯಾವಾಗಲೂ ಮುಂದೆ. ಆ ದಿನವೂ ಬೈದೆ. ತವರಿಗೆ ಬಂದ ಮಗಳು ಚಹಾಕ್ಕೆಂದು ಸ್ಟೋವ್ ಹೊತ್ತಿಸುವಾಗ ಸೆರಗಿಗೆ ಬೆಂಕಿ ಹತ್ತಿದರೆ, ತಣ್ಣೀರು ಸುರಿಯುವುದು ಬಿಟ್ಟು, ಭರಮವ್ವನ ಮನೆಯ ಹುಡುಗರ ಶಾಯಿ ದೌತಿ ಬರಿದು ಮಾಡಿ ಎದೆಗೆ, ತೋಳಿಗೆಲ್ಲ ಬಳಿದು ಕರೆತಂದಿದ್ದಿ. ಖರೇ, ಅದು ದಡ್ಡ ಕೆಲಸ. ಆದರೆ ಆ ಶಾಯಿಯನ್ನು ಮೊದಲ ದಿನವೇ ನನ್ನ ಕೈಯಾರೆ ತೊಳೆದು ತೆಗೆದೆ. ಕೆಳಗೆ ಗಾಯ ಸ್ವಚ್ಛವಾಗಿತ್ತು.

ಅವಳಿಗೆ ನಾವು ಹಚ್ಚುತ್ತಿದ್ದದ್ದು ಬೆಳ್ಳಿಯ ಅಂಶವಿರುವ ಬಿಳಿ ಮುಲಾಮು. ನಂಜು ತಡೆಯುವ ಮದ್ದು ಅದು, ಹಚ್ಚಿದಾಗ ತಂಪು. ಆದರೆ ದಿನಾ ಹಳೆಯದನ್ನು ಉಪ್ಪುನೀರಿನಲ್ಲಿ ಒರೆಸಿ ತೆಗೆದೇ ಹೊಸದನ್ನು ಹಚ್ಚಬೇಕು. ಬಿಟ್ಟರೆ ಗಾಯದ ನೀರಿನೊಂದಿಗೆ ಸೇರಿ ಹಾಲಿನ ಕೆನೆಯಂತೆ ಪದರ ಕಟ್ಟುತ್ತದೆ, ಅದರಡಿ ಕೀವು ತುಂಬುತ್ತದೆ. ಒರೆಸುವಾಗಿನ ನೋವು ಮಾತ್ರ ಶತ್ರುವಿಗೂ ಬೇಡ. ಸಾವಂತ್ರಿ ಕೂಗಿದರೆ ವಾರ್ಡಿನ ಆಚೆ ತುದಿಯವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಐದು ದಿನ ತೊಳೆದೆ. ಐದನೆಯ ದಿನ ಅಂಚಿನಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಕಂಡಿತು. ಬದುಕುತ್ತಾಳೆ ಅಂದರು ಡಾಕ್ಟರು.

ಆರನೆಯ ದಿನ ಅವಳು ನನ್ನ ಸೀರೆ ಹಿಡಿದುಕೊಂಡಳು. “ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಇವತ್ತೊಂದ ದಿನ ಬಿಡ” ಅಂದಳು. ಬೇರೆ ರೋಗಿಯಾಗಿದ್ದರೆ ನರ್ಸಮ್ಮನ ಜೋರಿನಲ್ಲಿ ಗದರಿಸಿ ತೊಳೆಯುತ್ತಿದ್ದೆ. ಒಡಹುಟ್ಟಿದವಳು, ಕೈ ಬರಲಿಲ್ಲ. ಹಳೆಯ ಮುಲಾಮಿನ ಮೇಲೆಯೇ ಹೊಸದನ್ನು ಹಚ್ಚಿ, ವಾರ್ಡಿನ ಪುಸ್ತಕದಲ್ಲಿ ಗಾಯ ತೊಳೆಯಲಾಗಿದೆ ಎಂದು ಬರೆದೆ. ಮಾರನೆಯ ದಿನವೂ ಬೇಡಿಕೊಂಡಳು, ಅದರ ಮಾರನೆಯ ದಿನವೂ. ಮೂರು ದಿನ ಅವಳ ಕೂಗು ಕೇಳಿಸಲಿಲ್ಲ. ಗಾಯ ಮಾಯುತ್ತಿದೆ ಎಂದುಕೊಂಡು ನೀನು ಬಸವಣ್ಣನಿಗೆ ಕೈ ಮುಗಿದಿದ್ದಿ.

ಒಂಬತ್ತನೆಯ ದಿನ ಡಾಕ್ಟರು ಪದರ ಎತ್ತಿ ನೋಡಿದರೆ ಹಸಿರು ಕೀವು. ನಂಜು ರಕ್ತಕ್ಕೆ ಏರಿತ್ತು. ಮನೆಯಲ್ಲಿ ಏನು ಹಚ್ಚಿದ್ದಿರಿ ಎಂದು ಕೇಳಿದರು. ಬಸಲಿಂಗಪ್ಪನವರು ಪಕ್ಕದಲ್ಲೇ ನಿಂತಿದ್ದರು. ಶಾಯಿ ಅಂದೆ. ಅಷ್ಟೇ ಅಂದೆ. ಅದು ಸುಳ್ಳಲ್ಲ ಅವ್ವಾ, ಸುಳ್ಳಿಗಿಂತ ಕೆಟ್ಟದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ನಿನಗೆ ಹಾಗೆ ಬರೆ ಎಳೆದವಳು ನಾನು. ಹನ್ನೊಂದನೆಯ ದಿನ ಅವಳು ಹೋದಳು.

ಇವತ್ತು ಬೆಳಿಗ್ಗೆ ಡಾಕ್ಟರಿಗೆ ಹೇಳಿದೆ. ಪುಸ್ತಕ ತರಿಸಿ ನೋಡಿದರು, ತಮ್ಮ ಬಳಿಯೇ ಇಟ್ಟುಕೊಂಡರು. ನೌಕರಿ ಉಳಿಯಲಿಕ್ಕಿಲ್ಲ. ಹೋಗಲಿ. ಓದಿ ಮುಗಿಸಿದ ಮೇಲೆ ಈ ಪತ್ರವನ್ನು ಅಳಿಯನ ಮುಂದೆ ಇಡು, ಕೂಸನ್ನು ಕೇಳು. ತಪ್ಪು ನಿನ್ನದಲ್ಲ, ತಲೆ ಎತ್ತಿಕೊಂಡು ಕೇಳು. ಹೊಟ್ಟೆ ತುಂಬ ಊಟ ಮಾಡು. ನನ್ನನ್ನು ಮಗಳು ಅನ್ನಬೇಕೋ ಬೇಡವೋ, ಅದನ್ನು ಆಮೇಲೆ ನೋಡು.

ನಿನ್ನ ಹಿರಿಮಗಳು,
ಚಂದ್ರವ್ವ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅಳಿಯನಿಗೆ ಕೊಡುವಾಗ ಈ ಭಾಗವನ್ನು ಹರಿದು ಇಟ್ಟುಕೊಳ್ಳಬೇಡ. ಆ ಮೂರರಲ್ಲಿ ಕೊನೆಯ ದಿನ ಸಾವಂತ್ರಿ ಬಿಡು ಎಂದು ಬೇಡಿಕೊಳ್ಳಲಿಲ್ಲ. “ಅಕ್ಕಾ, ವಾಸನಿ ಬರಾಕತ್ತೈತಿ. ನಾ ಒದರಂಗಿಲ್ಲ, ತೊಳಿ” ಅಂದಳು. ಅವಳ ನೋವು ನೋಡುವ ಧೈರ್ಯ ನನಗೇ ಇರಲಿಲ್ಲ. ನಾಳೆ ತೊಳೆಯೋಣ ಅಂದೆ.