ಪಟ್ಟಿಯ ನೂರಾ ನಾಲ್ಕನೆಯ ಕಲ್ಲು

ಮಾರ್ಚ್ 3, ಸೋಮವಾರ
ಬೀದಿಗಳ ಕಲ್ಲುಗಳನ್ನು ಪಟ್ಟಿ ಮಾಡುವ ಪಾಲಿಕೆ ಕೆಲಸ; ಇವತ್ತು ಹನ್ನೊಂದು ಕಲ್ಲು. ಬಿಳಿ ಪೇಂಟ್ ನಾಲ್ಕಕ್ಕೆ — ಕಲಾಕೃತಿ, ಇದ್ದಲ್ಲೇ ಇರುತ್ತದೆ. ಹಳದಿ ಏಳಕ್ಕೆ — ಬೀಡಾಡಿ ಬಂಡೆ, ಕ್ರೇನ್ ಬಂದು ಎತ್ತುತ್ತದೆ. ನೋಡಲು ಎರಡೂ ಒಂದೇ. ಹಳೆ ಫೈಲಿನಲ್ಲಿ ಕಲಾವಿದರ ಹೆಸರಿದ್ದರೆ ಕಲಾಕೃತಿ, ಇಲ್ಲದಿದ್ದರೆ ಅಡ್ಡಿ. ಕ್ರೇನ್ ಡ್ರೈವರ್, "ಮೇಡಂ, ಒಂದು ಕಲ್ಲಿಗೆ ನನ್ ಹೆಸ್ರೂ ಬರ್ಕೊಳ್ಳಿ, ಮನೇಲಾದ್ರೂ ಮರ್ಯಾದೆ ಸಿಗ್ಲಿ" ಎಂದ. ನಕ್ಕೆ. ಮನೆಗೆ ಬಂದು ಹೇಳೋಣವೆಂದರೆ ಯಾರಿದ್ದಾರೆ? ಅಕ್ಕ ತೀರಿಕೊಂಡು ಎಂಟು ತಿಂಗಳು. ಇನ್ನೂ ಏಳು ಗಂಟೆವರೆಗೆ ಚಿಲಕ ಹಾಕುವುದಿಲ್ಲ ನಾನು. ಹುಚ್ಚು.

ಮಾರ್ಚ್ 6
ನಾಳೆ ನಮ್ಮ ಬೀದಿ. ಏರಿನ ನಡುವೆ ಆ ಬಂಡೆ. ಇಸ್ತ್ರಿ ಅಂಗಡಿಯಲ್ಲಿ ದಿನವಿಡೀ ನಿಂತು, ಬಸ್ಸಿಳಿದು ಬರುವಾಗ ಅಕ್ಕ ಅದರ ಮೇಲೆ ಕೂತು ಏದುಸಿರು ಇಳಿಸಿಕೊಳ್ಳುತ್ತಿದ್ದಳು. ಕಿಟಕಿಯಿಂದ ಕಂಡರೆ ಒಲೆ ಹಚ್ಚುತ್ತಿದ್ದೆ. ಯಾಕೆ ಲೇಟು ಎಂದರೆ, "ಕಲ್ಲು ಬಿಡ್ಲಿಲ್ಲ ಕಣೇ" ಅನ್ನುವಳು. ಫೈಲು ಮೂರು ಸಲ ತಿರುವಿದೆ. ಅದಕ್ಕೆ ಯಾರ ಹೆಸರೂ ಇಲ್ಲ. ಹಳದಿ.

ಮಾರ್ಚ್ 7, ಬೆಳಿಗ್ಗೆ 8
ಬಿಳಿ ಬಳಿದೆ. ಸಂಖ್ಯೆ 104. ಶೀರ್ಷಿಕೆ — 'ದಣಿವು'. ಕಲಾವಿದೆ — ಅಕ್ಕನ ಪೂರ್ತಿ ಹೆಸರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಸುಳ್ಳು.

ಮಾರ್ಚ್ 19
ಸಾಹೇಬರು ಕರೆಸಿದರು. ಸಿಕ್ಕಿಬಿದ್ದೆ ಅಂದುಕೊಂಡೆ.
"ಏನ್ರೀ ಇದು 104! ಎಂಥಾ ಗಾಂಭೀರ್ಯ! ಇದರ ಮುಂದೆ ಉಳಿದಿದ್ದೆಲ್ಲ ಬರೀ ಕಲ್ಲು. ಇದನ್ನ ಕಾಪಾಡ್ಬೇಕು ಕಣ್ರೀ."
ಹೋದ ಜೀವ ಬಂತು. ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಬಂದೆ. ಕಾಪಾಡುವುದು ಅಂದರೆ ಏನು ಮಾಡುತ್ತೀರಿ ಎಂದು ಕೇಳಲೇ ಇಲ್ಲ.

ಏಪ್ರಿಲ್ 11
ಬಂಡೆಯ ಸುತ್ತ ಸೊಂಟದೆತ್ತರದ ಕಂಬಿ. ಹಿತ್ತಾಳೆ ಬೋರ್ಡಿನಲ್ಲಿ ಅಕ್ಕನ ಹೆಸರು. ಕೆಳಗೆ — ಮುಟ್ಟಬಾರದು, ಕೂರಬಾರದು. ಏನೋ ಮಾಡಲು ಹೋಗಿ ಏನೋ ಮಾಡಿಟ್ಟೆ. ಊಟ ಸೇರಲಿಲ್ಲ.

ಏಪ್ರಿಲ್ 12, ಸಂಜೆ
ಕಂಬಿ ಹಿಡಿದು ಒಬ್ಬ ಅಜ್ಜಿ ನಿಂತಿದ್ದರು. ಕಾಲ ಬಳಿ ಎರಡು ಚೀಲ. ಉಸಿರು ಮೇಲೆ ಕೆಳಗೆ. "ದಿನಾ ಇಲ್ಲೇ ಕೂತು ಹೋಗ್ತಿದ್ದೆ ಕಣಮ್ಮ. ಯಾವಳಿವಳು?" — ಬೋರ್ಡಿಗೆ ಮುಖವಿಟ್ಟು ಒಂದೊಂದೇ ಅಕ್ಷರ ಓದಿದರು. ಎಷ್ಟು ತಿಂಗಳಾಗಿತ್ತು, ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ. "ಇವಳ ಮನೆ ಹಾಳಾಗ!" ಎಂದರು ಅಜ್ಜಿ.
ಸಿಟ್ಟು ಬರಬೇಕಿತ್ತು. ಅಳು ಬಂತು.
"ಆ ಮನೆ ನಮ್ದೇ ಅಜ್ಜಿ. ಅದೋ, ಆ ಕಿಟಕಿ. ಈಗ ನಾನೊಬ್ಳೇ ಇರೋದು. ಬನ್ನಿ, ಒಂಚೂರು ಕೂತ್ಕೊಂಡು ಹೋಗಿ."
ಬೋರ್ಡ್ ನೋಡಿದರು. ನನ್ನನ್ನು ನೋಡಿದರು. ಒಂದು ಚೀಲ ನನ್ನ ಕೈಗೆ ಕೊಟ್ಟರು. ಮೆಲ್ಲಗೆ ಏರು ಹತ್ತುತ್ತ, ಅಕ್ಕ ಹೇಗೆ ಕೂರುತ್ತಿದ್ದಳೆಂದು ಹೇಳತೊಡಗಿದೆ... ಮೊದಲು ಚೀಲ ಇಳಿಸಿ, ಆಮೇಲೆ ಸೊಂಟಕ್ಕೆ ಕೈ ಕೊಟ್ಟು, ಆಮೇಲೆ —