ತಿಪ್ಪವ್ವ ಎಂಬ ಕುಲ

ಹೆಸರಿಡದ ನನ್ನ ಕೂಸೇ,

ಅಯ್ಯೋ, ಕರೆಯಲು ಒಂದು ಹೆಸರಿಲ್ಲದೆ ಪತ್ರ ಶುರು ಮಾಡುವುದು ಎಂಥ ಸಂಕಟ! ನಿನ್ನ ಅವ್ವನಿಗೋ ಈಗ ಹೆಸರಿಡುವುದೇ ಕೆಲಸ. ಸಂಡೂರಿನ ಗುಡ್ಡದಲ್ಲಿ ಒಂದು ಪತಂಗ ಸಿಕ್ಕಿದೆ. ಮೈಯೆಲ್ಲ ಅದಿರಿನ ಧೂಳಿನ ಬಣ್ಣ, ರೆಕ್ಕೆಯ ಅಂಚಿಗೆ ಬೆಳ್ಳಿ ಗೆರೆ. ಯಾವುದೋ ಹಳೆಯ ಗುಂಪಿನದೆಂದುಕೊಂಡಿದ್ದೆವು. ರೆಕ್ಕೆಯ ನರ ನೋಡಿದರೆ ಬೇರೆ, ಮೀಸೆ ನೋಡಿದರೆ ಬೇರೆ. ಕೊನೆಗೆ ನಮ್ಮ ಕೀಟಶಾಸ್ತ್ರದ ಲೆಕ್ಕದಲ್ಲಿ ಅದಕ್ಕೊಂದು ಹೊಸ ಕುಲವೇ ಬೇಕಾಯಿತು, ಹೆಸರಿಡುವ ಪಾಳಿ ನನಗೆ ಬಂತು.

ನನ್ನವ್ವ ಚೆನ್ನಬಸಮ್ಮ, ನಿನ್ನ ಅಜ್ಜಿ, ಹೊಸಪೇಟೆಯ ಮನೆಯ ಕಟ್ಟೆಯ ಮೇಲೆ ಕೂತು ಇದನ್ನು ಕೇಳಿ ನಕ್ಕಳು. "ಹುಳಕ್ಕೂ ಕುಲ ಐತೇನಬೇ? ಮುಂದ ಗೋತ್ರಾನೂ ಕೇಳ ಹೋಗು!" ನೀನು ಹೋದ ಮೇಲೆ ಅವಳು ನಕ್ಕದ್ದು ಅಂದೇ ಮೊದಲು.

ನಿನಗಿಂತ ಮೊದಲು ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಅದಕ್ಕೇ ನೀನು ಹುಟ್ಟಿದಾಗ ಅಜ್ಜಿ ಪಟ್ಟು ಹಿಡಿದಳು: "ಚಂದದ ಹೆಸರು ಬ್ಯಾಡವ್ವಾ. ತಿಪ್ಪಿ ಮ್ಯಾಲ ಒಂದೀಟು ಮಲಗ್ಸಿ ತಿಪ್ಪವ್ವ ಅಂತ ಕರಿ. ಕಸ ಅಂದ್ಕಂಡು ಯಮ ಮುಟ್ಟಂಗಿಲ್ಲ." ನಾನು ರೇಗಿದೆ. ತೊಟ್ಟಿಲಿಗೆ ಹಾಕುವ ದಿನ ನಿನ್ನ ಕಿವಿಯಲ್ಲಿ ಹೇಳಿಸಲೆಂದು ಒಳ್ಳೆಯ ಹೆಸರೊಂದನ್ನು ಆರಿಸಿಟ್ಟಿದ್ದೆ. ಆ ದಿನ ಬರುವ ಮೊದಲೇ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ನಿನ್ನ ಉಸಿರು ನಿಂತಿತು. ನಿನ್ನ ಎದೆಯ ಗುಂಡಿಗೆಯಲ್ಲಿ ತೂತಿತ್ತು ಕಂದಾ, ಯಾವ ಹೆಸರೂ ಅದನ್ನು ಮುಚ್ಚುತ್ತಿರಲಿಲ್ಲ. ಇದು ನನಗೂ ಗೊತ್ತು, ಅಜ್ಜಿಗೂ ಗೊತ್ತು.

ಪತಂಗಕ್ಕೆ ನಿನ್ನ ಆ ಹೆಸರನ್ನೇ ಇಡಬೇಕೆಂದಿದ್ದೆ. ಮೊನ್ನೆ ಮತ್ತೆ ಗುಡ್ಡಕ್ಕೆ ಹೋದರೆ, ಗುಡ್ಡದ ಅರ್ಧ ಮೈಯೇ ಇಲ್ಲ. ಅದಿರು ಸಾಗಿಸುವ ಗಣಿ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಪತಂಗದ ಮರಿಹುಳ ತಿನ್ನುವ ಗಿಡಗಳು ಒಂದು ಕೊರಕಲಿನಲ್ಲಿ ಮಾತ್ರ ಉಳಿದಿವೆ, ಎಲೆಗಳ ಮೇಲೆಲ್ಲ ಕೆಂಪು ಧೂಳು. ಹುಡುಕಿ ಹುಡುಕಿ ಒಂದೇ ಒಂದು ಮರಿಹುಳ ಕಂಡಿತು. ಸಿಟ್ಟು ಬಂತು, ಅಳು ಬಂತು, ಅಲ್ಲೇ ಕೂತುಬಿಟ್ಟೆ.

ಮನೆಗೆ ಬಂದು ಬರೆದೆ: ಕುಲದ ಹೆಸರು, ತಿಪ್ಪವ್ವ. ಆ ಹೆಸರು ಗಂಡೋ ಹೆಣ್ಣೋ ಎಂದೂ ಹೇಳಬೇಕು, ನಮ್ಮ ಶಾಸ್ತ್ರದ ನಿಯಮವದು. ಹೆಣ್ಣು ಎಂದು ಬರೆದೆ. ಜೊತೆಗೆ ಕೆಲಸ ಮಾಡುವ ಮುರುಗೇಶ್ ಫೋನು ಮಾಡಿ, "ಏನ್ರೀ ಮೇಡಂ, ಇಷ್ಟು ಚಂದದ ಹುಳಕ್ಕ ತಿಪ್ಪಿ ಹೆಸರಾ?" ಎಂದ. "ಚಂದ ಐತಿ ಅಂತನ ಇಟ್ಟೀನಪ್ಪಾ" ಎಂದೆ.

ಅಜ್ಜಿ ಈ ಸಲ ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಅದಾದ್ರೂ ಬದುಕ್ಲಿ ಬಿಡು" ಎಂದಳು.

ನಿನ್ನ ಹೆಸರು ನಿನಗೇ ಇರಲಿ. ಇನ್ನು ಯಮನಿಗೆ ಕೇಳಿಸಿದರೂ ನನಗೇನು ಭಯ? ಎಲ್ಲಿ, ಕಿವಿ ಕೊಡು ಇಲ್ಲಿ.

ಶಾಂಭವಿ. ಶಾಂಭವಿ. ಶಾಂಭವಿ.

ಇದ್ದಲ್ಲಿ ತಣ್ಣಗಿರು ಮಗಳೇ.

ನಿನ್ನ ಅವ್ವ,
ಸುಮಲತಾ